ಹಾಯಿದೋಣಿಗೆ ಯಾವ ಉಪಗ್ರಹ ಸಾಧನ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾರಾಂತ್ಯಕ್ಕೆ ಹಾಯಿದೋಣಿ ಹತ್ತುವ ಓದುಗರೊಬ್ಬರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಯಾವ ಉಪಗ್ರಹ ಸಾಧನ ಕೊಳ್ಳಬೇಕು?

ಮೊದಲು ಪಿಎಲ್‌ಬಿ, ಅಂದರೆ ಮೈಮೇಲೆ ಇಟ್ಟುಕೊಳ್ಳುವ ಅಪಾಯಸೂಚಕ ಬೀಕನ್. ಅಂಗೈಯಲ್ಲಿ ಹಿಡಿಸುವ ಇದಕ್ಕೆ ಚಂದಾ ಇಲ್ಲ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್ ಸಂಕೇತ ಕೊಸ್ಪಾಸ್–ಸಾರ್ಸ್ಯಾಟ್ ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರ ಮುಟ್ಟುತ್ತದೆ. ಬ್ಯಾಟರಿ ಕನಿಷ್ಠ 24 ಗಂಟೆ ಬರಬೇಕೆಂಬುದು ನಿಯಮ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದಲ್ಲಿ ನೋಂದಣಿ ಉಚಿತ. ಅದನ್ನು ಮಾಡಿಸದಿದ್ದರೆ ಆಪತ್ತಿನಲ್ಲಿರುವವರು ಯಾರೆಂದು ತಿಳಿಯದೆ ಅಮೂಲ್ಯ ಹೊತ್ತು ಹಾಳಾಗುತ್ತದೆ. ಬೀಕನ್ ಇರಬೇಕಾದ್ದು ದೋಣಿಯ ಪೆಟ್ಟಿಗೆಯಲ್ಲಲ್ಲ, ಲೈಫ್ ಜಾಕೆಟ್‌ನಲ್ಲಿ.

ಆದರೆ ಅದಕ್ಕೆ ಮಾತು ಬಾರದು. 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಭಾರತದ ಹಾಯಿದೋಣಿ ನಾವಿಕ ಅಭಿಲಾಷ್ ಟಾಮಿಯವರ ಹಾಯಿಕಂಬ ಮುರಿದು ಬೆನ್ನಿಗೆ ಪೆಟ್ಟಾದಾಗ, ನಡೆಯಲಾಗುತ್ತಿಲ್ಲ, ಸ್ಟ್ರೆಚರ್ ಬೇಕಾದೀತು ಎಂದು ಅವರು ತಿಳಿಸಿದ್ದು ಉಪಗ್ರಹ ಸಂದೇಶದಲ್ಲೇ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನವೂ ಇರಲಿ. ಅದಕ್ಕೆ ಚಂದಾ ಕಟ್ಟಬೇಕು. ಸುತ್ತಲಿನ ದೋಣಿಗಳನ್ನು ಕರೆಯಲು ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಬೇಕೇ ಬೇಕು.

ರಜೆಗೆ ಊರಿಗೆ ಬರುವಾಗ ಮಾತ್ರ ಇನ್‌ರೀಚ್ ತರಬಾರದು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನ ತಂದ ಪ್ರವಾಸಿಗರನ್ನು ಭಾರತದ ವಿಮಾನ ನಿಲ್ದಾಣಗಳಲ್ಲಿ ವಶಕ್ಕೆ ಪಡೆದದ್ದುಂಟು. ಕಾರವಾರ, ಮಲ್ಪೆಯ ಕಡಲಿಗಿಳಿದಾಗ, ಮೊಬೈಲ್ ಸಿಗ್ನಲ್ ಸಿಗುವಷ್ಟು ದೂರದವರೆಗೆ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ನೆರವಿಗಿದೆ.