ಯೂನಿಫಾರಂ ತರುವ ಮುನ್ನ

ಶಾಲೆ ಶುರುವಾಗುವ ಹೊತ್ತು. ಅಂಗಡಿಗೆ ಹೊರಡುವ ಮೊದಲು ಹೋದ ವರ್ಷದ ಯೂನಿಫಾರಂ ಅನ್ನು ಮಗುವಿಗೆ ಹಾಕಿಸಿ, ಎರಡೂ ಕೈ ಮೇಲೆತ್ತಲು ಹೇಳಿ, ಕುಕ್ಕರಗಾಲಲ್ಲಿ ಕೂರಿಸಿ ನೋಡಿ. ಕಂಕುಳು, ಸೊಂಟ ಬಿಗಿಯದಿದ್ದರೆ ಅದು ಇನ್ನೂ ಕೆಲವು ತಿಂಗಳು ಬರುತ್ತದೆ. ಉದ್ದ ಮಾತ್ರ ಸಾಲದಿದ್ದರೆ ಕೆಳಗಿನ ಮಡಿಕೆ ಬಿಚ್ಚಿಸಿ.

ಹೊಸದನ್ನೆಲ್ಲ ಜೂನ್‌ನಲ್ಲೇ ಕೊಳ್ಳುವ ಆತುರ ಬೇಡ. ಈಗ ಎರಡು ಜೊತೆ ಸಾಕು. ಇನ್ನೊಂದನ್ನು ದಸರಾ ರಜೆ ಮುಗಿದ ಮೇಲೆ, ಆಗಿನ ಅಳತೆಗೆ ತನ್ನಿ. ಮಲೆನಾಡು, ಕರಾವಳಿಯವರಿಗೆ ಈ ಲೆಕ್ಕ ಹೊಂದದು. ಮಳೆಗಾಲದಲ್ಲಿ ಒಗೆದದ್ದು ಬೇಗ ಒಣಗುವುದಿಲ್ಲ, ಅಲ್ಲಿ ಮೂರನೇ ಜೊತೆ ದುಂದಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಗ ಒಣಗುತ್ತದೆ. ಬಿಸಿಲಿನ ಊರುಗಳಿಗೆ ಹತ್ತಿ ಹೆಚ್ಚಿರುವುದೇ ಹಿತ.

ರೆಡಿಮೇಡ್ ಆದರೆ ಒಳಮಗ್ಗುಲು ತಿರುಗಿಸಿ ನೋಡಿ. ಪ್ಯಾಂಟಿನ ಹಿಂಬದಿಗೆ ಎರಡು ಸಾಲು ಹೊಲಿಗೆ ಇರಬೇಕು, ಮೊದಲು ಬಿಚ್ಚುವುದು ಅಲ್ಲೇ. ಹೊಲಿಸುವುದಾದರೆ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿಯೇ ಟೈಲರ್ ಕೈಗೆ ಕೊಡಿ, ಆಮೇಲೆ ಕುಗ್ಗುವುದಿಲ್ಲ. ಕೆಳಗೆ 2 ಇಂಚು ಮಡಿಕೆ, ಪಕ್ಕದ ಹೊಲಿಗೆಯಲ್ಲೂ ಸ್ವಲ್ಪ ಬಟ್ಟೆ ಬಿಡಲು ಹೇಳಿ. ಹಾಗೆಂದು ಎರಡು ವರ್ಷಕ್ಕಾಗಲಿ ಎಂದು ದೊಗಲೆ ಹೊಲಿಸಬೇಡಿ. ಆಡುವ ಮಗುವಿಗೆ ಅದು ದಿನವೂ ಕಿರಿಕಿರಿ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ. ಯಾವಾಗ ಕೈಸೇರುತ್ತದೆಂದು ಮೇಷ್ಟ್ರನ್ನು ಕೇಳಿಯೇ ಹಣ ತೆಗೆಯಿರಿ.

ಅಕ್ಕನ ಲಂಗ ತಂಗಿಗೆ ಬರುವುದಾದರೆ ಬಹಳ ಒಳ್ಳೆಯದು. ಸಡಿಲವಾದ ಹುಕ್ಕು ಬದಲಿಸಿ, ಚೆನ್ನಾಗಿ ಇಸ್ತ್ರಿ ಮಾಡಿ ಕೊಡಿ. ಜೊತೆಗೆ ಹೊಸ ರಿಬ್ಬನ್ನು, ಕಾಲುಚೀಲವನ್ನು ಅವಳೇ ಆರಿಸಿಕೊಳ್ಳಲಿ.