ಕಂಪ್ಯೂಟರ್ ಕಸೂತಿಗೆ ಮುಕ್ತ ತಂತ್ರಾಂಶ: ಅಳವಡಿಕೆ, ಪರವಾನಗಿ, ತೊಂದರೆ ನಿವಾರಣೆ



ನಮ್ಮ ಹಲವು ಸಂಘಗಳಲ್ಲಿ ಹೊಲಿಗೆ ಕಲಿತವರಿದ್ದಾರೆ. ಕೆಲವು ಸಂಘಗಳು ಬ್ಯಾಂಕ್ ಸಾಲ ಪಡೆದು ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಕೂಡ ತಂದುಕೊಂಡಿವೆ. ಮೆಷಿನ್ ಬಂದ ಮೇಲೆ ತಿಳಿಯುವ ಸಂಗತಿ ಏನೆಂದರೆ, ಡಿಸೈನ್ ಇಲ್ಲದೆ ಮೆಷಿನ್ ಓಡದು. ಪ್ರತಿ ಡಿಸೈನ್‌ಗೂ ಪೇಟೆಗೆ ಹೋಗಿ ಹಣ ಕೊಡಬೇಕು. ಒಂದು ಡಿಸೈನ್‌ಗೆ 500 ರೂಪಾಯಿ, ತಿಂಗಳಿಗೆ 4 ಡಿಸೈನ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 24,000 ರೂಪಾಯಿ ಆಯಿತು. ಅದರಲ್ಲಿ ಸಾಲದ ಎಷ್ಟು ಕಂತು ತೀರುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಇಂಥ ಹೊತ್ತಿನಲ್ಲಿ ಯಾರಾದರೂ ಬಂದು, "ಅಕ್ಕಾ, ಲಕ್ಷ ರೂಪಾಯಿ ಸಾಫ್ಟ್‌ವೇರ್ ನಿಮಗೆ ಎರಡು ಸಾವಿರಕ್ಕೆ ಹಾಕಿಕೊಡುತ್ತೇನೆ" ಎನ್ನುವುದುಂಟು. ಒಪ್ಪುವ ಮೊದಲು ಈ ಪಾಠವನ್ನು ಸಂಘದ ಸಭೆಯಲ್ಲಿ ಓದಿ. ಕಾನೂನಿಗೆ ಒಪ್ಪುವ, ಹಣ ಕೇಳದ ದಾರಿ ಒಂದಿದೆ.

1. ಇಂಕ್‌ಸ್ಕೇಪ್ ಮತ್ತು ಇಂಕ್‌ಸ್ಟಿಚ್

ಫೋಟೋ ಎಂದರೆ ಸಣ್ಣ ಸಣ್ಣ ಚುಕ್ಕಿಗಳ ರಾಶಿ. ದೊಡ್ಡದು ಮಾಡಿದರೆ ಮಸುಕಾಗುತ್ತದೆ. ವೆಕ್ಟರ್ ಚಿತ್ರ ಹಾಗಲ್ಲ. ಅದರಲ್ಲಿ ಗೆರೆ ಎಲ್ಲಿಂದ ಎಲ್ಲಿಗೆ, ಹೇಗೆ ಬಾಗಿದೆ ಎಂಬ ಲೆಕ್ಕ ಇರುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ. ಸೂಜಿ ಓಡುವುದೂ ಗೆರೆಯ ಮೇಲೆಯೇ. ಆದ್ದರಿಂದ ಕಸೂತಿಗೆ ಇದೇ ಅನುಕೂಲ.

ಇಂಥ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಇಂಕ್‌ಸ್ಕೇಪ್ ಒಂದು. ಇದು 2003ರಲ್ಲಿ ಆರಂಭವಾಯಿತು. ಇದಕ್ಕೆ ಸೇರಿಸುವ ಪ್ಲಗ್-ಇನ್ ಹೆಸರು ಇಂಕ್‌ಸ್ಟಿಚ್. ಪ್ಲಗ್-ಇನ್ ಅಂದರೆ ಏನು? ಜಿಪ್ ಹೊಲಿಯುವಾಗ ಹೊಲಿಗೆ ಮೆಷಿನ್‌ಗೆ ಬೇರೆ ಫುಟ್ ಹಾಕುತ್ತೇವಲ್ಲ, ಹಾಗೆ. ಮೆಷಿನ್ ಅದೇ, ಕೆಲಸ ಹೊಸದು. ಫುಟ್ ಒಂದೇ ಇದ್ದರೆ ಹೊಲಿಯಲಾಗದು, ಬೇರೆ ಮೆಷಿನ್‌ನ ಫುಟ್ ಕೂರುವುದೂ ಇಲ್ಲ. ಇಂಕ್‌ಸ್ಟಿಚ್ ಕೂಡ ಇಂಕ್‌ಸ್ಕೇಪ್ ಇಲ್ಲದೆ ನಡೆಯದು, ಎರಡರ ಆವೃತ್ತಿಯೂ ಒಂದಕ್ಕೊಂದು ಹೊಂದಬೇಕು.

2. ಪರವಾನಗಿ: ಯಾಕೆ ಓದಬೇಕು?

ತಂತ್ರಾಂಶ ಕೊಂಡರೂ ಅದು ಪೂರ್ತಿ ನಮ್ಮದಾಗುವುದಿಲ್ಲ. ಬಳಸಲು ಒಪ್ಪಿಗೆ ಮಾತ್ರ ಸಿಗುತ್ತದೆ. ಆ ಒಪ್ಪಿಗೆ ಪತ್ರವೇ ಪರವಾನಗಿ ಅಥವಾ ಲೈಸೆನ್ಸ್.

ಹಣ ಕೊಟ್ಟು ಕೊಳ್ಳುವುದಾದರೆ ನಾಲ್ಕು ಪ್ರಶ್ನೆ ಕೇಳಿ: ಒಮ್ಮೆ ಕೊಟ್ಟರೆ ಸಾಕೋ, ವರ್ಷ ವರ್ಷ ಕೊಡಬೇಕೋ? ಎಷ್ಟು ಕಂಪ್ಯೂಟರ್‌ಗೆ ಹಾಕಬಹುದು? ಅದರಿಂದ ಮಾಡಿದ್ದನ್ನು ಮಾರಬಹುದೇ? ಬಿಲ್ ಸಂಘದ ಹೆಸರಿಗೆ ಸಿಗುತ್ತದೆಯೇ? ಲೈಸೆನ್ಸ್ ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಕಂಪ್ಯೂಟರ್ ಕೆಟ್ಟರೆ ಅಥವಾ ಬದಲಾಯಿಸಿದರೆ ಆ ಸಂಖ್ಯೆ ಬೇಕಾಗುತ್ತದೆ.

ಬೀಗ ಮುರಿದ ಕಳ್ಳ ಪ್ರತಿಯನ್ನು ಮಾತ್ರ ಹಾಕಿಸಿಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ಪ್ರತಿ ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಜೈಲು ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ನ್ಯಾಯಾಲಯ ಜೈಲು ಬಿಡಬಹುದು. ಆದರೆ ನಾವು ಮಾಡುವುದು ವ್ಯಾಪಾರವೇ ಅಲ್ಲವೇ? ಹಾಕಿಕೊಟ್ಟವನು ಹಣ ಎಣಿಸಿಕೊಂಡು ಹೋಗುತ್ತಾನೆ, ಉತ್ತರ ಹೇಳಬೇಕಾದವರು ನಾವು. ಇಂಥ ಪ್ರತಿಗಳ ಜೊತೆ ವೈರಸ್ ಬಂದು ಸಂಘದ ಲೆಕ್ಕಪತ್ರವೆಲ್ಲ ಹಾಳಾಗುವ ಭಯವೂ ಇದೆ.

ಇಂಕ್‌ಸ್ಕೇಪ್ ಮತ್ತು ಇಂಕ್‌ಸ್ಟಿಚ್ ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯವು. ಹಣವಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ, ಅವಧಿ ಮುಗಿಯುವುದಿಲ್ಲ. ಎಷ್ಟು ಕಂಪ್ಯೂಟರ್‌ಗೂ ಹಾಕಬಹುದು, ಪಕ್ಕದ ಸಂಘಕ್ಕೂ ಕೊಡಬಹುದು. ನೀವೇ ಬರೆದ ಡಿಸೈನ್ ನಿಮ್ಮದೇ. ಹೊಲಿದ ಬಟ್ಟೆಯನ್ನು ಮಾರಬಹುದು.

ಆದರೆ ತಂತ್ರಾಂಶ ಮುಕ್ತ ಎಂದ ಮಾತ್ರಕ್ಕೆ ಎಲ್ಲ ಚಿತ್ರವೂ ಮುಕ್ತವಲ್ಲ. ಕಾರ್ಟೂನ್ ಗೊಂಬೆ, ಕಂಪನಿಯ ಗುರುತು ಇವುಗಳಿಗೆ ಒಡೆಯರಿದ್ದಾರೆ. ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುವ ಎಷ್ಟೋ ಡಿಸೈನ್‌ಗಳಲ್ಲಿ "ಸ್ವಂತ ಬಳಕೆಗೆ ಮಾತ್ರ" ಎಂದು ಬರೆದಿರುತ್ತದೆ. ಅದನ್ನು ಹೊಲಿದು ಮಾರಬಾರದು. ನಮ್ಮ ರಂಗೋಲಿ, ಮಲ್ಲಿಗೆ ಬಳ್ಳಿ, ಮಾವಿನಕಾಯಿ ಅಂಚನ್ನು ನಾವೇ ಬರೆದರೆ ಯಾರನ್ನೂ ಕೇಳಬೇಕಿಲ್ಲ. ಮೆಷಿನ್‌ನಲ್ಲಿ ಹಾಕಿದ್ದನ್ನು ಮಾತ್ರ ಕೈಕಸೂತಿ ಅಂತ ಹೇಳಿ ಮಾರಬೇಡಿ.

3. ಅಳವಡಿಸುವ ಕ್ರಮ (ವಿಂಡೋಸ್ ಕಂಪ್ಯೂಟರ್‌ಗೆ)

ಅ) ಮೊದಲು ಇಂಕ್‌ಸ್ಕೇಪ್ ಡಾಟ್ ಆರ್ಗ್ ತಾಣದಿಂದ ಇಂಕ್‌ಸ್ಕೇಪ್ ಇಳಿಸಿಕೊಂಡು ಹಾಕಿ. ಹಾಕುವಾಗ ಯಾವ ಭಾಗವನ್ನೂ ಬಿಡದೆ ಪೂರ್ತಿ ಹಾಕಿ. ಒಮ್ಮೆ ತೆರೆದು ನೋಡಿ, ಮುಚ್ಚಿ.

ಆ) ನಂತರ ಇಂಕ್‌ಸ್ಟಿಚ್ ಡಾಟ್ ಆರ್ಗ್ ತಾಣದಿಂದ ನಿಮ್ಮ ಇಂಕ್‌ಸ್ಕೇಪ್ ಆವೃತ್ತಿಗೆ ಹೊಂದುವ ಇಂಕ್‌ಸ್ಟಿಚ್ ಇಳಿಸಿಕೊಳ್ಳಿ. ಬೇರೆ ತಾಣಗಳಿಂದ ಬೇಡ. ಹಳೆಯದು ಇದ್ದರೆ ಮೊದಲು ತೆಗೆದುಹಾಕಿ.

ಇ) ಹಾಕುವಾಗ ವಿಂಡೋಸ್ ಎಚ್ಚರಿಕೆಯ ಕಿಟಕಿ ತೋರಿಸಬಹುದು. ಸರಿಯಾದ ತಾಣದಿಂದಲೇ ಇಳಿಸಿದ್ದು ಖಚಿತವಿದ್ದರೆ ಮಾತ್ರ ಮುಂದುವರಿಸಿ.

ಈ) ಇಂಕ್‌ಸ್ಕೇಪ್ ಮತ್ತೆ ತೆರೆಯಿರಿ. ಮೇಲಿನ ಸಾಲಿನ "ಎಕ್ಸ್‌ಟೆನ್ಶನ್ಸ್" ಒತ್ತಿದರೆ ಪಟ್ಟಿಯಲ್ಲಿ "ಇಂಕ್‌ಸ್ಟಿಚ್" ಕಾಣಬೇಕು. ಕಂಡರೆ ಅಳವಡಿಕೆ ಮುಗಿಯಿತು. ಇನ್ನು ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲ.

4. ಮೊದಲ ಡಿಸೈನ್

ಒಂದು ಎಲೆಯಿಂದ ಆರಂಭಿಸಿ. ನಿಮ್ಮ ಮೆಷಿನ್‌ನ ಫ್ರೇಮ್ 10 ಸೆಂಟಿಮೀಟರ್ ಇದ್ದರೆ ಚಿತ್ರ ಅದರೊಳಗೇ ಇರಲಿ. ಎಲೆ ಬರೆದು ಬಣ್ಣ ತುಂಬಿ. ಅದನ್ನು ಆರಿಸಿಕೊಂಡು ಇಂಕ್‌ಸ್ಟಿಚ್‌ನ "ಪ್ಯಾರಮ್ಸ್" ತೆರೆಯಿರಿ. ಹೊಲಿಗೆ ಎಷ್ಟು ಒತ್ತಾಗಿರಬೇಕು, ಯಾವ ಕೋನದಲ್ಲಿ ಓಡಬೇಕು ಎಂದು ಅಲ್ಲಿ ಹೇಳಬೇಕು. ತುಂಬು ಹೊಲಿಗೆಯ ಸಾಲುಗಳ ನಡುವೆ 0.25 ಮಿಲಿಮೀಟರ್ ಎಂದು ಅದೇ ಇಟ್ಟಿರುತ್ತದೆ. ಮೊದಲಿಗೆ ಅದನ್ನು ಬದಲಾಯಿಸಬೇಡಿ.

ಸೂಜಿ ಹೇಗೆ ಓಡುತ್ತದೆ ಎಂದು "ಸಿಮ್ಯುಲೇಟರ್" ತೆರೆಯ ಮೇಲೆ ತೋರಿಸುತ್ತದೆ. ಇದನ್ನು ನೋಡದೆ ಮೆಷಿನ್‌ಗೆ ಹಾಕಬೇಡಿ. ತೆರೆಯ ಮೇಲಿನ ತಪ್ಪು ಅಳಿಸಬಹುದು, ಗಿರಾಕಿಯ ರೇಷ್ಮೆ ರವಿಕೆಯ ಮೇಲಿನ ತಪ್ಪು ಅಳಿಸಲಾಗದು.

ಕೊನೆಗೆ ಎರಡು ಪ್ರತಿ ಉಳಿಸಿ. ಎಸ್.ವಿ.ಜಿ. ಪ್ರತಿ ಮೂಲ, ಅದು ನಿಮ್ಮ ಬಳಿ ಇರಲಿ. ಇನ್ನೊಂದು ಮೆಷಿನ್‌ಗೆ ಅರ್ಥವಾಗುವ ಪ್ರತಿ: ಬ್ರದರ್ ಮೆಷಿನ್‌ಗೆ ಪಿ.ಇ.ಎಸ್., ಜನೋಮಿಗೆ ಜೆ.ಇ.ಎಫ್., ದೊಡ್ಡ ಮೆಷಿನ್‌ಗಳಿಗೆ ಹೆಚ್ಚಾಗಿ ಡಿ.ಎಸ್.ಟಿ. ಡಿ.ಎಸ್.ಟಿ.ಯಲ್ಲಿ ದಾರದ ಬಣ್ಣದ ವಿವರ ಇರುವುದಿಲ್ಲ. ಯಾವುದರ ನಂತರ ಯಾವ ಬಣ್ಣ ಎಂದು ಚೀಟಿಯಲ್ಲಿ ಬರೆದು ಮೆಷಿನ್ ನಡೆಸುವವರ ಕೈಗೆ ಕೊಡಿ.

5. ತೊಂದರೆ ಬಂದರೆ

ಪಟ್ಟಿಯಲ್ಲಿ ಇಂಕ್‌ಸ್ಟಿಚ್ ಕಾಣದಿದ್ದರೆ: ಇಂಕ್‌ಸ್ಕೇಪ್ ಮುಚ್ಚಿ ತೆರೆಯಿರಿ. ಆಗಲೂ ಕಾಣದಿದ್ದರೆ ಎರಡರ ಆವೃತ್ತಿ ಹೊಂದುತ್ತದೆಯೇ ನೋಡಿ.

ಕಂಡರೂ ಕೆಲಸ ಮಾಡದಿದ್ದರೆ: ವೈರಸ್ ತಡೆಯುವ ತಂತ್ರಾಂಶ ಇದರ ಕಡತವನ್ನು ತಪ್ಪಾಗಿ ತೆಗೆದಿರಬಹುದು. ಅದರಲ್ಲಿ ಇಂಕ್‌ಸ್ಟಿಚ್‌ಗೆ ವಿನಾಯಿತಿ ಕೊಟ್ಟು, ಮತ್ತೆ ಹಾಕಿ. ವೈರಸ್ ತಡೆಯನ್ನೇ ಪೂರ್ತಿ ನಿಲ್ಲಿಸಬೇಡಿ.

ಹೊಲಿಯುವಂಥದ್ದು ಏನೂ ಇಲ್ಲ ಎಂದು ಸಂದೇಶ ಬಂದರೆ: ನೀವು ಫೋಟೋ ಅಥವಾ ಅಕ್ಷರವನ್ನು ನೇರವಾಗಿ ಇಟ್ಟಿರಬಹುದು. ಅಕ್ಷರವನ್ನು "ಪಾತ್" ಪಟ್ಟಿಯ "ಆಬ್ಜೆಕ್ಟ್ ಟು ಪಾತ್" ಒತ್ತಿ ಗೆರೆ ಮಾಡಿ. ಫೋಟೋ ಆದರೆ "ಟ್ರೇಸ್ ಬಿಟ್‌ಮ್ಯಾಪ್". ಕನ್ನಡ ಹೆಸರು ಹೊಲಿಯುವುದಿದ್ದರೆ ದಪ್ಪ ಅಕ್ಷರ ಆರಿಸಿ. ಸಣ್ಣ ಒತ್ತಕ್ಷರ ದಾರದಲ್ಲಿ ಮುಚ್ಚಿಹೋಗುತ್ತದೆ.

ಹೊಲಿಗೆ ಅಡ್ಡಾದಿಡ್ಡಿ ಓಡಿದರೆ: ಚಿತ್ರದ ಅಂಚು ತನ್ನನ್ನು ತಾನೇ ದಾಟಿರಬಹುದು. "ಟ್ರಬಲ್‌ಶೂಟ್ ಆಬ್ಜೆಕ್ಟ್ಸ್" ಒತ್ತಿದರೆ ತಪ್ಪು ಎಲ್ಲಿದೆ ಎಂದು ಬಾಣದ ಗುರುತು ಹಾಕಿ ತೋರಿಸುತ್ತದೆ.

ಬಟ್ಟೆ ಸುಕ್ಕಾದರೆ, ದಾರ ತುಂಡಾಗುತ್ತಿದ್ದರೆ: ಹೊಲಿಗೆ ತುಂಬಾ ಒತ್ತಾಗಿರಬಹುದು. ಮೆಷಿನ್‌ನಲ್ಲಿ ಡಿಸೈನ್ ಕಿರಿದು ಮಾಡಿದಾಗ ಹೀಗಾಗುವುದುಂಟು. ಮೂಲ ಎಸ್.ವಿ.ಜಿ.ಯಲ್ಲಿ ಅಳತೆ ಬದಲಿಸಿ, ಹೊಸದಾಗಿ ಉಳಿಸಿ. ಬಟ್ಟೆಯ ಕೆಳಗೆ ಹಾಕುವ ಪೇಪರ್, ಸೂಜಿ, ಬಾಬಿನ್ ಕೂಡ ಪರೀಕ್ಷಿಸಿ. ಎಲ್ಲ ತಪ್ಪೂ ಕಂಪ್ಯೂಟರ್‌ದಲ್ಲ!

ಏನೇ ಸಂದೇಶ ಬಂದರೂ ಗಾಬರಿಯಿಂದ ಮುಚ್ಚಬೇಡಿ. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದಿಡಿ. ಬಲ್ಲವರನ್ನು ಕೇಳುವಾಗ "ಏನೋ ಆಯ್ತು" ಅನ್ನುವುದಕ್ಕಿಂತ ಆ ಫೋಟೋ ಹೆಚ್ಚು ಹೇಳುತ್ತದೆ.

6. ಕೊನೆಯ ಮಾತು

ತಂತ್ರಾಂಶ ಬಿಟ್ಟಿ ಸಿಗುತ್ತದೆ ಎಂದು ಆತುರದಿಂದ ಸಾಲ ಮಾಡಿ ಮೆಷಿನ್ ಕೊಳ್ಳಬೇಡಿ. ಮೊದಲು ಕಂಪ್ಯೂಟರ್‌ನಲ್ಲಿ ಕಲಿಯಿರಿ, ಗಿರಾಕಿ ಇದ್ದಾರೆಯೇ ವಿಚಾರಿಸಿ, ಆಮೇಲೆ ಮೆಷಿನ್. ಕಲಿಯಲು ಹಣ ಬೇಡ, ಆದರೆ ಸಮಯ ಬೇಕು. ಒಬ್ಬರೇ ಕಲಿತರೆ ಅವರು ಮದುವೆಯಾಗಿ ಬೇರೆ ಊರಿಗೆ ಹೋದ ದಿನ ಕೆಲಸ ನಿಲ್ಲುತ್ತದೆ. ಕನಿಷ್ಠ ಇಬ್ಬರು ಕಲಿಯಲಿ. ಸ್ಕ್ರೀನ್ ಮುಂದೆ ಕೂರಲು ಹೆದರುವ ಹಿರಿಯ ಅಕ್ಕಂದಿರು ದಾರ, ಬಣ್ಣ, ಹೊಲಿಗೆಯ ದಿಕ್ಕು ಹೇಳಿಕೊಡಲಿ. ಆ ಜ್ಞಾನ ಯಾವ ತಂತ್ರಾಂಶದಲ್ಲೂ ಸಿಗದು.

ಸಂಘದಲ್ಲಿ ಚರ್ಚಿಸಿ:
1. ಕಳೆದ ವರ್ಷ ಡಿಸೈನ್‌ಗೆಂದು ನಮ್ಮ ಸಂಘ ಕೊಟ್ಟ ಹಣ ಎಷ್ಟು?
2. ನಮ್ಮ ಕಂಪ್ಯೂಟರ್‌ನಲ್ಲಿರುವ ತಂತ್ರಾಂಶಗಳಿಗೆ ಬಿಲ್ ಅಥವಾ ಪರವಾನಗಿ ಇದೆಯೇ?
3. ಕಲಿಯಲು ಮುಂದೆ ಬರುವ ಇಬ್ಬರು ಯಾರು? ಅವರು ಕಲಿಯುವ ಹೊತ್ತಿನಲ್ಲಿ ಅವರ ಮನೆಗೆಲಸಕ್ಕೆ, ಮಕ್ಕಳಿಗೆ ಉಳಿದವರು ಹೇಗೆ ನೆರವಾಗಬಹುದು?

ನಿರ್ಧಾರವನ್ನು ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ.