ಕಣ್ಕಟ್ಟಿನ ಮೊದಲ ಪಾಠಗಳು

ಸಂತೆಯ ಬೀದಿಯ ಮೂಲೆಯಲ್ಲಿ ಡಮರುಗದ ಸದ್ದು ಕೇಳಿಸಿದೊಡನೆ, ಕೊಳ್ಳುವವರೂ ಮಾರುವವರೂ ತಮ್ಮ ವ್ಯಾಪಾರವನ್ನು ಮರೆತು ಅತ್ತ ಧಾವಿಸುತ್ತಿದ್ದ ಕಾಲವೊಂದಿತ್ತು. ನೆಲದ ಮೇಲೆ ಹಾಸಿದ ಹರಕು ಕಂಬಳಿ, ಮೂರು ಮರದ ಬಟ್ಟಲು, ಬಟ್ಟೆಯ ಕೆಲವು ಉಂಡೆ, ಒಂದು ಜೋಳಿಗೆ - ಇಷ್ಟೇ ಆ ಗಾರುಡಿಗನ ಸಕಲ ಸಂಪತ್ತು. ಇಷ್ಟರಿಂದಲೇ ಅವನು ನೆರೆದವರೆಲ್ಲರನ್ನೂ ಬೆರಗುಗೊಳಿಸುತ್ತಿದ್ದನು. ಈ ಬಟ್ಟಲಿನಾಟವು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ರೋಮನ ದಾರ್ಶನಿಕನಾದ ಸೆನೆಕನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬರೆದ ಪತ್ರವೊಂದರಲ್ಲಿ ಬಟ್ಟಲು ಮತ್ತು ಹರಳುಗಳ ಆಟವನ್ನು ಪ್ರಸ್ತಾಪಿಸಿರುವನು. ಅದರ ಗುಟ್ಟು ತಿಳಿದರೆ ತನಗೆ ಅದರಲ್ಲಿ ಸ್ವಾರಸ್ಯವೇ ಉಳಿಯದೆಂಬುದು ಅವನ ಅಭಿಪ್ರಾಯ. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇದನ್ನು ಒಪ್ಪಲಾರೆವು. ಗುಟ್ಟು ತಿಳಿದ ಮೇಲೆಯೇ ನಮಗೆ ನಿಜವಾದ ಸ್ವಾರಸ್ಯವು ಆರಂಭವಾಗುವುದು.

ಇಂದ್ರಜಾಲ, ಯಕ್ಷಿಣಿ, ಜಾದೂ, ಕಣ್ಕಟ್ಟು ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ಈ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ಅನೇಕ ಬಾಲಕ ಬಾಲಕಿಯರಿಗೆ ಇರುವುದು. ಆದರೆ ಎಲ್ಲಿಂದ ಪ್ರಾರಂಭಿಸಬೇಕೆಂಬುದು ತಿಳಿಯದು. ಬೆಲೆಬಾಳುವ ಪೆಟ್ಟಿಗೆಗಳೂ ರೇಷ್ಮೆಯ ಪರದೆಗಳೂ ಇಲ್ಲದೆ ಈ ಕಲೆಯು ಸಾಧ್ಯವಿಲ್ಲವೆಂದು ಕೆಲವರು ಭಾವಿಸಿರುವರು. ಇದು ತಪ್ಪು ತಿಳಿವಳಿಕೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂತಹ ಗ್ರಾಮದಲ್ಲಿರುವ ವಿದ್ಯಾರ್ಥಿಯು ತನ್ನ ಅಡುಗೆಮನೆಯನ್ನು ಬಿಟ್ಟು ಹೊರಗೆ ಹೋಗದೆಯೇ ಮೊದಲ ನಾಲ್ಕು ಪಾಠಗಳನ್ನು ಕಲಿಯಬಹುದು. ಆ ಸೀಮೆಯ ಹೊಲಗಳಲ್ಲಿ ಬೆಳೆಯುವ ಅರಿಶಿನವೇ ನಮ್ಮ ಮೊದಲನೆಯ ಪಾಠಕ್ಕೆ ಬೇಕಾದ ಮುಖ್ಯ ಸಾಮಗ್ರಿ.

ಮೊದಲನೆಯ ಪಾಠ: ಬಣ್ಣ ಬದಲಿಸುವ ನೀರು

ಎಲೆಅಡಿಕೆಗೆ ಬಳಸುವ ಸುಣ್ಣವನ್ನು ಕಡಲೆಕಾಳಿನ ಗಾತ್ರದಷ್ಟು ತೆಗೆದುಕೊಂಡು ಒಂದು ಲೋಟ ನೀರಿನಲ್ಲಿ ಕದಡಿ ಒಂದು ರಾತ್ರಿ ಇಡಿರಿ. ಬೆಳಗಾಗುವಷ್ಟರಲ್ಲಿ ಸುಣ್ಣವು ತಳದಲ್ಲಿ ನಿಂತು ಮೇಲೆ ತಿಳಿಯು ಬಂದಿರುವುದು. ಈ ತಿಳಿಯನ್ನು ಮಾತ್ರ ಮೆಲ್ಲನೆ ಬಗ್ಗಿಸಿಕೊಂಡರೆ ಅದು ನೋಡುವುದಕ್ಕೆ ಬರಿಯ ನೀರಿನಂತೆಯೇ ಇರುವುದು. ಮೂರು ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟುಕೊಳ್ಳಿರಿ. ಮೊದಲನೆಯದರಲ್ಲಿ ಚಿಟಿಕೆ ಅರಿಶಿನದ ಪುಡಿಯನ್ನು ಕಲಸಿ ಬಟ್ಟೆಯಲ್ಲಿ ಶೋಧಿಸಿದ ಹಳದಿ ನೀರಿರಲಿ. ಎರಡನೆಯದರಲ್ಲಿ ಕಾಲು ಭಾಗ ಸುಣ್ಣದ ತಿಳಿ ಇರಲಿ. ಮೂರನೆಯದರ ತಳದಲ್ಲಿ ಒಂದು ನಿಂಬೆಹಣ್ಣಿನ ರಸವನ್ನು ಹಿಂಡಿ ಶೋಧಿಸಿ ಇಡಿರಿ. ಸಭೆಯ ಮುಂದೆ ಹಳದಿ ನೀರನ್ನು ಎರಡನೆಯ ಲೋಟಕ್ಕೆ ಸುರಿದೊಡನೆ ಅದು ಓಕುಳಿಯಂತೆ ಕೆಂಪಾಗುವುದು. ಅದನ್ನೇ ಮೂರನೆಯ ಲೋಟಕ್ಕೆ ಸುರಿದರೆ ಕೆಂಪು ಮಾಯವಾಗಿ ಮತ್ತೆ ಹಳದಿ ಮೂಡುವುದು.

ಇದರ ಕಾರಣವೇನು? ಅರಿಶಿನದಲ್ಲಿರುವ ಹಳದಿ ಬಣ್ಣದ ವಸ್ತುವಿಗೆ ಕುರ್ಕುಮಿನ್ ಎಂದು ಹೆಸರು. ಆಮ್ಲದಲ್ಲಿಯೂ ತಟಸ್ಥ ದ್ರವದಲ್ಲಿಯೂ ಅದು ಹಳದಿಯಾಗಿರುವುದು. ಸುಣ್ಣದ ತಿಳಿಯು ಪ್ರತ್ಯಾಮ್ಲ. ಅದು ಸೇರಿದಾಗ ಕುರ್ಕುಮಿನ್ ಅಣುವಿನಿಂದ ಜಲಜನಕದ ಕಣವು ಬೇರ್ಪಟ್ಟು, ಅಣುವು ಬೆಳಕನ್ನು ಹೀರುವ ರೀತಿಯು ಬದಲಾಗುವುದು. ನಮ್ಮ ಕಣ್ಣಿಗೆ ಕೆಂಪು ಕಾಣುವುದು ಇದರಿಂದಲೇ. ನಿಂಬೆಯ ಆಮ್ಲವು ಪ್ರತ್ಯಾಮ್ಲವನ್ನು ಅಳಿಸಿ ಮೊದಲಿನ ಸ್ಥಿತಿಯನ್ನು ಮರಳಿ ತರುವುದು. ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣವನ್ನು ಸೇರಿಸಿ ಕೆಂಪು ನೀರು ಮಾಡುವ ನಮ್ಮ ಮನೆಯ ಹಿರಿಯರಿಗೆ ಈ ಕ್ರಿಯೆಯು ಬಹುಕಾಲದಿಂದ ಪರಿಚಿತವೇ ಆಗಿದೆ. ಒಂದು ಎಚ್ಚರಿಕೆ: ಸುಣ್ಣವು ಕಣ್ಣಿಗೆ ಬಿದ್ದರೆ ಅಪಾಯ. ಕೈಗಳನ್ನು ತೊಳೆಯದೆ ಕಣ್ಣನ್ನು ಮುಟ್ಟಬಾರದು. ಈ ನೀರನ್ನು ಯಾರೂ ಕುಡಿಯತಕ್ಕದ್ದಲ್ಲ.

ಎರಡನೆಯ ಪಾಠ: ಕೋಲಿಗೆ ಅಂಟಿದ ಚೊಂಬು

ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಇರುವ ಎರಡು ಚೊಂಬುಗಳನ್ನು ಆರಿಸಿರಿ. ಎರಡರಲ್ಲಿಯೂ ಕಂಠದವರೆಗೆ ಅಕ್ಕಿಯನ್ನು ತುಂಬಿರಿ. ನುಣುಪಾಗಿಲ್ಲದ ಒಂದು ಮರದ ಕೋಲನ್ನು ನಿಮ್ಮ ಚೊಂಬಿನ ಅಕ್ಕಿಯೊಳಕ್ಕೆ ಗಿಡ್ಡ ಗಿಡ್ಡನಾಗಿ ಇಪ್ಪತ್ತು ಮೂವತ್ತು ಬಾರಿ ಚುಚ್ಚಿರಿ. ಅಕ್ಕಿಯು ಕುಸಿದಂತೆಲ್ಲ ಮತ್ತಷ್ಟು ಅಕ್ಕಿಯನ್ನು ಹಾಕುತ್ತಾ, ಚೊಂಬನ್ನು ನೆಲಕ್ಕೆ ಮೆಲ್ಲಗೆ ತಟ್ಟುತ್ತಾ ಇರಿ. ಕೋಲು ಒಳಗೆ ಇಳಿಯುವುದೇ ಕಷ್ಟವಾದಾಗ ಬಲವಾಗಿ ಒಮ್ಮೆ ಆಳಕ್ಕೆ ಒತ್ತಿ, ನಿಧಾನವಾಗಿ ಮೇಲಕ್ಕೆ ಎತ್ತಿರಿ. ಕೋಲಿನೊಡನೆ ಚೊಂಬೂ ಮೇಲೇಳುವುದು! ಗೆಳೆಯನೊಬ್ಬನಿಗೆ ಸಡಿಲವಾಗಿ ತುಂಬಿದ ಇನ್ನೊಂದು ಚೊಂಬನ್ನು ಕೊಟ್ಟು ಅದೇ ರೀತಿ ಎತ್ತಲು ಹೇಳಿದರೆ ಅವನ ಕೋಲು ಬರಿದಾಗಿ ಹೊರಗೆ ಬರುವುದು.

ಕಾಳುಗಳು ಸಡಿಲವಾಗಿದ್ದಾಗ ನೀರಿನಂತೆ ಹರಿಯುವುವು. ಒತ್ತಾಗಿ ಕೂಡಿದಾಗ ಕಲ್ಲಿನಂತೆ ಗಟ್ಟಿಯಾಗುವುವು. ಒತ್ತಿದ ಕಾಳುಗಳು ಒಂದನ್ನೊಂದು ಕಚ್ಚಿ ಹಿಡಿದು, ಕೋಲನ್ನೂ ಚೊಂಬಿನ ಗೋಡೆಯನ್ನೂ ಅಡ್ಡಲಾಗಿ ಒತ್ತುವುವು. ಒತ್ತಡವು ಹೆಚ್ಚಿದಷ್ಟೂ ಘರ್ಷಣೆಯು ಹೆಚ್ಚುವುದೆಂಬುದು ಭೌತಶಾಸ್ತ್ರದ ನಿಯಮ. ಈ ಘರ್ಷಣೆಯು ಚೊಂಬಿನ ತೂಕಕ್ಕಿಂತ ಮಿಗಿಲಾದಾಗ ಚೊಂಬು ಜಾರದು. ಕಣಜಗಳಲ್ಲಿ ತುಂಬಿದ ಧಾನ್ಯದ ಭಾರವನ್ನು ತಳವು ಮಾತ್ರವಲ್ಲದೆ ಗೋಡೆಗಳೂ ಹೊರುವುವೆಂಬುದನ್ನು ಜರ್ಮನಿಯ ಎಂಜಿನಿಯರ್ ಜಾನ್ಸೆನ್ ೧೮೯೫ರಲ್ಲಿ ವಿವರಿಸಿದನು. ಬೀದಿಯ ಗಾರುಡಿಗನ ಆಟಕ್ಕೂ ಧಾನ್ಯಗಾರದ ನಿರ್ಮಾಣಕ್ಕೂ ತತ್ತ್ವವೊಂದೇ.

ಮೂರನೆಯ ಪಾಠ: ಸಂಖ್ಯೆಯ ಭವಿಷ್ಯ

ಒಂದು ಚೀಟಿಯಲ್ಲಿ ೧೦೮೯ ಎಂದು ಬರೆದು ಮಡಿಸಿ, ಗೆಳತಿಯೊಬ್ಬಳ ಕೈಯಲ್ಲಿ ಕೊಡಿರಿ. ಮತ್ತೊಬ್ಬರಿಗೆ ಮೂರು ಅಂಕಿಗಳ ಸಂಖ್ಯೆಯೊಂದನ್ನು ಮನಸ್ಸಿಗೆ ಬಂದಂತೆ ಬರೆಯಲು ಹೇಳಿರಿ. ಮೊದಲನೆಯ ಅಂಕಿಗೂ ಕೊನೆಯ ಅಂಕಿಗೂ ಎರಡಾದರೂ ವ್ಯತ್ಯಾಸವಿರಬೇಕೆಂಬುದೊಂದೇ ಕಟ್ಟಳೆ. ಅದನ್ನು ತಿರುಗುಮುರುಗಾಗಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಬಂದ ಶೇಷವನ್ನು ಮತ್ತೆ ತಿರುಗಿಸಿ, ಶೇಷಕ್ಕೇ ಕೂಡಲಿ. ಉದಾಹರಣೆಗೆ, ೭೩೨ರಿಂದ ೨೩೭ನ್ನು ಕಳೆದರೆ ೪೯೫; ಅದಕ್ಕೆ ೫೯೪ನ್ನು ಕೂಡಿದರೆ ೧೦೮೯. ಚೀಟಿಯನ್ನು ಬಿಚ್ಚಿದಾಗ ಸಭೆಯು ಚಪ್ಪಾಳೆ ತಟ್ಟುವುದು.

ಯಾವ ಸಂಖ್ಯೆಯನ್ನು ಆರಿಸಿದರೂ ಉತ್ತರವು ಇದೇ ಏಕೆ? ಸಂಖ್ಯೆಯ ನೂರರ ಸ್ಥಾನದ ಅಂಕಿಗೂ ಬಿಡಿ ಸ್ಥಾನದ ಅಂಕಿಗೂ ಇರುವ ವ್ಯತ್ಯಾಸವನ್ನು ‘ವ್ಯ’ ಎನ್ನೋಣ. ತಿರುಗಿಸಿ ಕಳೆದಾಗ ನಡುವಿನ ಅಂಕಿಯು ಹಾರಿಹೋಗಿ, ಶೇಷವು ಯಾವಾಗಲೂ ೯೯ ಗುಣಿಸು ‘ವ್ಯ’ ಆಗುವುದು. ಎಂದರೆ ಅದು ೧೯೮, ೨೯೭, ೩೯೬ ಮುಂತಾಗಿ ೮೯೧ರವರೆಗಿನ ಎಂಟು ಸಂಖ್ಯೆಗಳಲ್ಲಿ ಒಂದು. ಇವುಗಳನ್ನು ಗಮನಿಸಿರಿ: ಪ್ರತಿಯೊಂದರಲ್ಲಿಯೂ ನಡುವೆ ೯ ಇರುವುದು, ಮೊದಲ ಮತ್ತು ಕೊನೆಯ ಅಂಕಿಗಳ ಮೊತ್ತವೂ ೯ ಆಗಿರುವುದು. ಆದುದರಿಂದ ತಿರುಗಿಸಿ ಕೂಡಿದಾಗ ೯೦೦, ೧೮೦ ಮತ್ತು ೯ ಸೇರಿ ೧೦೮೯ ಆಗಲೇಬೇಕು. ಇಲ್ಲಿ ಕೈಚಳಕವೂ ಇಲ್ಲ, ಸುಳ್ಳೂ ಇಲ್ಲ, ಬೀಜಗಣಿತವೊಂದೇ ಇಂದ್ರಜಾಲಿಗ.

ನಾಲ್ಕನೆಯ ಪಾಠ: ಮಾಯವಾಗುವ ನಾಣ್ಯ

ಹಿಂದಿನ ಮೂರು ಆಟಗಳು ತಾವಾಗಿಯೇ ನಡೆಯತಕ್ಕವು. ಇದಕ್ಕೆ ಮಾತ್ರ ಅಭ್ಯಾಸ ಬೇಕು. ಎಡಗೈಯ ಅಂಗೈಯನ್ನು ಮೇಲ್ಮುಖವಾಗಿ ಹಿಡಿದು, ನಾಣ್ಯವನ್ನು ಅದರ ಅಂಚಿನಲ್ಲಿ ಹೆಬ್ಬೆರಳು ಮತ್ತು ನಡುಬೆರಳುಗಳ ತುದಿಯಿಂದ ಹಿಡಿದುಕೊಳ್ಳಿರಿ. ಬಲಗೈಯಿಂದ ಅದನ್ನು ತೆಗೆದುಕೊಳ್ಳುವವರಂತೆ, ಬಲಗೈಯ ಹೆಬ್ಬೆರಳನ್ನು ನಾಣ್ಯದ ಕೆಳಗೂ ಉಳಿದ ಬೆರಳುಗಳನ್ನು ಅದರ ಮುಂದೆಯೂ ತನ್ನಿರಿ. ಬಲಗೈ ಬೆರಳುಗಳು ನಾಣ್ಯವನ್ನು ಮರೆಮಾಡಿದ ಕ್ಷಣದಲ್ಲಿ ಎಡಗೈಯ ಹಿಡಿತವನ್ನು ಸಡಿಲಿಸಿದರೆ ನಾಣ್ಯವು ಎಡ ಅಂಗೈಯೊಳಕ್ಕೆ ಬೀಳುವುದು. ಬಲಮುಷ್ಟಿಯನ್ನು ನಾಣ್ಯವಿರುವಂತೆಯೇ ಮುಚ್ಚಿ ದೂರಕ್ಕೆ ಒಯ್ಯಿರಿ. ನಿಮ್ಮ ಕಣ್ಣುಗಳು ಬಲಮುಷ್ಟಿಯನ್ನೇ ಹಿಂಬಾಲಿಸಲಿ. ಎಡಗೈ ಸಹಜವಾಗಿ ಕೆಳಗಿಳಿಯಲಿ. ಕ್ಷಣಕಾಲ ಬಿಟ್ಟು ಬಲಮುಷ್ಟಿಯನ್ನು ತೆರೆದರೆ ಅದು ಬರಿದು!

ಕೈಯು ಕಣ್ಣಿಗಿಂತ ಚುರುಕಾದುದರಿಂದ ಇದು ಸಾಧ್ಯವಾಯಿತೆಂದು ಜನರು ಹೇಳುವರು. ಅದು ನಿಜವಲ್ಲ. ಮೋಸಹೋಗುವುದು ಕಣ್ಣಲ್ಲ, ಗಮನ. ನಮ್ಮ ಕಣ್ಣು ಸ್ಫುಟವಾಗಿ ಕಾಣುವ ಭಾಗವು ಬಹಳ ಕಿರಿದು. ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟೇ ಎಂದು ಹೇಳಬಹುದು. ಉಳಿದುದನ್ನು ಮನಸ್ಸು ತನ್ನ ನಿರೀಕ್ಷೆಯಿಂದ ತುಂಬಿಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಟ್ರಿಪ್ಲೆಟ್ ೧೯೦೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೆಂಡನ್ನು ಮಕ್ಕಳ ಮುಂದೆ ನಿಜವಾಗಿ ಮೇಲಕ್ಕೆಸೆದು ಹಿಡಿದು, ಅನಂತರ ಎಸೆದಂತೆ ನಟಿಸಿದನು. ಇಲ್ಲದ ಚೆಂಡು ಮೇಲಕ್ಕೆ ಹೋಗಿ ಗಾಳಿಯಲ್ಲಿ ಮಾಯವಾದುದನ್ನು ತಾವು ಕಂಡೆವೆಂದು ಅನೇಕ ಮಕ್ಕಳು ಹೇಳಿದರು! ೧೯೯೯ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಎಂಬುವರು ಪ್ರಕಟಿಸಿದ ಮತ್ತೊಂದು ಪ್ರಯೋಗವು ಇನ್ನೂ ವಿಚಿತ್ರ. ಚೆಂಡಾಟದ ಚಲನಚಿತ್ರವನ್ನು ತೋರಿಸಿ, ಚೆಂಡು ಎಷ್ಟು ಬಾರಿ ಕೈ ಬದಲಿಸಿತೆಂದು ಎಣಿಸಲು ಹೇಳಿದಾಗ, ಆಟಗಾರರ ನಡುವೆ ನಡೆದುಹೋದ ಗೊರಿಲ್ಲ ವೇಷಧಾರಿಯನ್ನು ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಗಮನಿಸಲೇ ಇಲ್ಲ.

ಅಭ್ಯಾಸದ ಕ್ರಮ

ನಾವು ಪ್ರೌಢಶಾಲೆಯಲ್ಲಿದ್ದಾಗ ಈ ನಾಣ್ಯದಾಟವನ್ನು ಎರಡೇ ದಿನ ಅಭ್ಯಾಸ ಮಾಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರದರ್ಶಿಸಿದೆವು. ಮೊದಲ ಸಲ ಚಪ್ಪಾಳೆ ಬಂದಿತು. ‘ಇನ್ನೊಮ್ಮೆ, ಇನ್ನೊಮ್ಮೆ’ ಎಂದು ಮಿತ್ರರು ಕೂಗಿದರು. ಗರ್ವದಿಂದ ಬೀಗಿ ಮತ್ತೆ ಮಾಡಿದೆವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಐದನೆಯ ತರಗತಿಯ ಹುಡುಗಿಯೊಬ್ಬಳು, “ಅಣ್ಣಾ, ಆ ಕೈ ತೋರಿಸಿ!” ಎಂದು ನಮ್ಮ ಎಡಗೈಯತ್ತ ಬೆರಳು ಮಾಡಿದಳು. ಆ ದಿನದ ನಾಚಿಕೆಯು ನಮಗೆ ಕಲಿಸಿದುದನ್ನು ಯಾವ ಪುಸ್ತಕವೂ ಕಲಿಸಲಾರದು. ಮೊದಲ ಬಾರಿ ನೋಡುವವನಿಗೆ ಏನಾಗುವುದೆಂದು ತಿಳಿಯದು. ಎರಡನೆಯ ಬಾರಿ ಎಲ್ಲಿ ನೋಡಬೇಕೆಂದು ತಿಳಿದಿರುವುದು. ಆದುದರಿಂದ ಒಂದೇ ಸಭೆಯಲ್ಲಿ ಒಂದೇ ಆಟವನ್ನು ಎರಡು ಸಲ ಆಡಬಾರದು.

ಮೊದಲು ನಾಣ್ಯವನ್ನು ನಿಜವಾಗಿಯೇ ಬಲಗೈಗೆ ತೆಗೆದುಕೊಂಡು ಹತ್ತು ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳಿರಿ. ಅನಂತರ ನಟನೆಯನ್ನು ಮಾಡಿರಿ. ಎರಡಕ್ಕೂ ಭೇದವು ಕಾಣದಿರುವವರೆಗೆ ಸಭೆಯ ಮುಂದೆ ಹೋಗಬೇಡಿರಿ. ದಿನಕ್ಕೆ ಹದಿನೈದು ನಿಮಿಷದಂತೆ ಕೆಲವು ವಾರಗಳ ಸಾಧನೆ ಸಾಕು. ಏನಾಗುವುದೆಂದು ಮುಂಚಿತವಾಗಿ ಹೇಳಬೇಡಿರಿ. ನೂರು ಆಟಗಳನ್ನು ಅರೆಬರೆಯಾಗಿ ಕಲಿಯುವುದಕ್ಕಿಂತ ನಾಲ್ಕನ್ನು ಚೆನ್ನಾಗಿ ಕಲಿಯುವುದು ಮೇಲು. ಬೆಂಕಿ, ಕರ್ಪೂರ, ಕತ್ತಿ, ಹಾವು ಇವುಗಳ ಗೊಡವೆಗೆ ವಿದ್ಯಾರ್ಥಿಗಳು ಹೋಗಲೇಬಾರದು.

ವಿದ್ಯೆಯ ಹೊಣೆ

ಇಷ್ಟನ್ನು ಕಲಿತ ಮೇಲೆ ನಿಮ್ಮ ಕೈಯಲ್ಲಿ ಒಂದು ಶಕ್ತಿಯು ಸೇರಿರುವುದು. ಅದನ್ನು ಹೇಗೆ ಬಳಸಬೇಕು? ಫ್ರಾನ್ಸಿನ ಸುಪ್ರಸಿದ್ಧ ಇಂದ್ರಜಾಲಿಗನಾದ ರಾಬರ್ಟ್ ಹೂಡಿನನನ್ನು ಅಲ್ಲಿನ ಸರ್ಕಾರವು ೧೮೫೬ರಲ್ಲಿ ಅಲ್ಜೀರಿಯಕ್ಕೆ ಕಳುಹಿಸಿತು. ಅವನ ಬಳಿಯಿದ್ದ ಚಿಕ್ಕ ಪೆಟ್ಟಿಗೆಯೊಂದನ್ನು ಮಗುವೂ ಎತ್ತಬಹುದಾಗಿತ್ತು. ಆದರೆ ಅವನು ಬಯಸಿದಾಗ ಬಲಶಾಲಿಯೂ ಅದನ್ನು ಕದಲಿಸಲಾರದೆ ಹೋಗುತ್ತಿದ್ದನು. ವೇದಿಕೆಯ ಕೆಳಗೆ ಅಡಗಿದ್ದ ವಿದ್ಯುತ್ಕಾಂತವೇ ಇದರ ಗುಟ್ಟು. ವಸಾಹತಿನ ಜನರಲ್ಲಿ ತಮ್ಮ ಶಕ್ತಿಯ ಭಯವನ್ನು ಹುಟ್ಟಿಸುವುದಕ್ಕಾಗಿ ಆಳುವವರು ಈ ಆಟವನ್ನು ಉಪಯೋಗಿಸಿಕೊಂಡರು. ವಿಜ್ಞಾನವನ್ನು ಅರಿಯದವರನ್ನು ಅರಿತವರು ಹೇಗೆ ಅಂಜಿಸಬಹುದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ನಾಡಿನಲ್ಲಿ ಇದಕ್ಕೆ ಪ್ರತಿಯಾದ ಮಾರ್ಗವನ್ನು ತೋರಿದವರೂ ಇರುವರು. ಭೌತವಿಜ್ಞಾನಿಗಳಾದ ಡಾಕ್ಟರ್ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿದರು. ಅದೇ ವರ್ಷದ ನಲವತ್ತೆರಡನೆಯ ತಿದ್ದುಪಡಿಯಿಂದ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ನಮ್ಮ ಸಂವಿಧಾನದಲ್ಲಿ ಸೇರಿತು. ಹುಲಿಕಲ್ ನಟರಾಜ್ ಅವರು ಪವಾಡಗಳೆನಿಸಿಕೊಂಡ ಆಟಗಳನ್ನು ವೇದಿಕೆಯ ಮೇಲೆ ಮಾಡಿ ತೋರಿಸಿ, ಅವುಗಳ ರಹಸ್ಯವನ್ನು ಜನರಿಗೆ ವಿವರಿಸುತ್ತ ಬಂದಿರುವರು. ವಾಮಾಚಾರದ ಹೆಸರಿನ ಅಮಾನವೀಯ ಆಚರಣೆಗಳನ್ನು ತಡೆಯುವ ಶಾಸನವನ್ನು ಕರ್ನಾಟಕದ ವಿಧಾನಮಂಡಲವು ೨೦೧೭ರಲ್ಲಿ ಅಂಗೀಕರಿಸಿತು. ೨೦೨೦ರಲ್ಲಿ ಅದು ಜಾರಿಗೆ ಬಂದಿತು.

ಶಾಸನವೊಂದರಿಂದಲೇ ಅಜ್ಞಾನವು ಅಳಿಯದು. ಕೊಯ್ದ ನಿಂಬೆಹಣ್ಣಿನಿಂದ ‘ರಕ್ತ’ವನ್ನು ಸುರಿಸಿ, ಮನೆಗೆ ಮಾಟ ತಗುಲಿದೆಯೆಂದು ಹೆದರಿಸಿ, ಕಾಯಿಲೆಯ ಮಗುವಿನ ಔಷಧಿಗೆಂದು ಕೂಡಿಟ್ಟ ಹಣವನ್ನು ಕಿತ್ತುಕೊಳ್ಳುವವನು ಬಂದಾಗ, ಆ ಮನೆಯಲ್ಲಿ ಈ ಪಾಠಗಳನ್ನು ಓದಿದ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಎಷ್ಟು ವ್ಯತ್ಯಾಸವಾಗುವುದು! ಚಾಕುವಿಗೆ ದಾಸವಾಳದ ಹೂವನ್ನು ಉಜ್ಜಿ ಒಣಗಿಸಿದ್ದರೆ, ನಿಂಬೆಯ ಆಮ್ಲವು ತಾಗಿದೊಡನೆ ರಸವು ಕೆಂಪಾಗುವುದು. ಅರಿಶಿನದ ಪಾಠವನ್ನು ಮಾಡಿನೋಡಿದವರಿಗೆ ಇದು ಹೊಳೆಯದೆ ಇರದು. ಅವರು ಅಂಜದೆ ಕೇಳಬಹುದಾದ ಪ್ರಶ್ನೆಯೊಂದೇ: “ಸ್ವಾಮಿ, ನಮ್ಮ ಮನೆಯ ಚಾಕುವಿನಿಂದ ಕೊಯ್ಯುತ್ತೀರಾ?”

ಇಂದ್ರಜಾಲಿಗನೂ ಮೋಸ ಮಾಡುವನು, ಕಪಟಿಯೂ ಮೋಸ ಮಾಡುವನು. ಆದರೆ ಇಂದ್ರಜಾಲಿಗನು, ‘ನಿಮ್ಮನ್ನು ಈಗ ಮೋಸಗೊಳಿಸುವೆನು’ ಎಂದು ಮೊದಲೇ ಒಪ್ಪಿಕೊಂಡಿರುವನು. ವಿದ್ಯಾರ್ಥಿಗಳೂ ಹಾಗೆಯೇ ತಮ್ಮ ಪ್ರದರ್ಶನದ ಮೊದಲಿಗೆ, ‘ಇಲ್ಲಿ ಮಂತ್ರವಿಲ್ಲ, ಇರುವುದು ಅಭ್ಯಾಸ ಮತ್ತು ವಿಜ್ಞಾನ’ ಎಂದು ಹೇಳುವ ರೂಢಿಯನ್ನು ಇಟ್ಟುಕೊಳ್ಳಲಿ. ಇದರಿಂದ ಬೆರಗು ಕಡಿಮೆಯಾಗದು. ನೋಡುವವರ ಕುತೂಹಲವು ಹೆಚ್ಚುವುದು. ಇಂದು ರಾತ್ರಿಯೇ ಒಂದು ಲೋಟದಲ್ಲಿ ಸುಣ್ಣವನ್ನು ಕದಡಿಡಿರಿ. ನಾಳೆ ಬೆಳಗ್ಗೆ ಮೊದಲನೆಯ ಪಾಠವು ಆರಂಭವಾಗಲಿ.